ಟಾರ್ಚ್ ಮಾಮ ಷರತ್ತು ಓದಿದ ಪ್ರಸಂಗ

ಜನ್ಮದಲ್ಲಿ ಸುಳ್ಳು ಹೇಳದ ಸತ್ಯವಂತರು ಎಲ್ಲಾದರೂ ಇರಬಹುದು. ಆದರೆ ಅಂಥವರ ಕೈಗೂ ಒಂದು ಮೊಬೈಲು ಕೊಟ್ಟು ನೋಡಿ. ‘ಎಲ್ಲ ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಚೌಕ ಕಂಡ ಕೂಡಲೇ ಕಣ್ಣು ಮಿಟುಕಿಸುವುದರೊಳಗೆ ಬೆರಳು ಒತ್ತಿ, ಅವರೂ ನಮ್ಮ ಸಾಲಿಗೆ ಬಂದು ನಿಲ್ಲುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲೋಕ ನಡೆಯುತ್ತಿರುವುದೇ ಹಾಗೆ. ತೊಂದರೆ ಶುರುವಾಗುವುದು ಯಾರಾದರೂ ಒಬ್ಬರು ನಿಜವಾಗಿಯೂ ಓದಲು ಕೂತಾಗ.

ನಮ್ಮ ಟಾರ್ಚ್ ಮಾಮ ಓದಲು ಕೂತದ್ದು ಜ್ಞಾನದ ಹಸಿವಿನಿಂದಲ್ಲ, ಭಾವಮೈದನ ಮೇಲಿನ ಹಟದಿಂದ.

ಟಾರ್ಚ್ ಮಾಮ ಊರಿನ ದೊಡ್ಡ ಸಿನಿಮಾ ಹಾಲಿನಲ್ಲಿ ಗೇಟ್‌ಕೀಪರ್ ಆಗಿದ್ದವರು. ಬಾಗಿಲಲ್ಲಿ ಟಿಕೆಟ್ ಹರಿದು, ಕತ್ತಲಲ್ಲಿ ಟಾರ್ಚ್ ಬಿಟ್ಟು ಜನರನ್ನು ಸೀಟಿಗೆ ಮುಟ್ಟಿಸುವುದು ಅವರ ಕೆಲಸ. ಹೀಗಾಗಿ ಅವರು ವಾಸವಿದ್ದ ಕಟ್ಟಡದಲ್ಲಿ ಅವರಿಗಿಂತ ಹಿರಿಯರು ಕೂಡ ಅವರನ್ನು ಟಾರ್ಚ್ ಮಾಮ ಎನ್ನುತ್ತಿದ್ದರು. ಆ ಕಾಲದಲ್ಲಿ ಅವರ ಹೆಂಡತಿಗೆ ಇದ್ದ ಗತ್ತೇ ಬೇರೆ. “ಅಕ್ಕಾ, ಭಾನುವಾರಕ್ಕೆ ಎರಡು ಸೀಟು ಹೇಳಿ ಇಡಿಸ್ತೀರಾ?” ಎಂದು ಬರುವವರಿಂದ ಮನೆ ಬಾಗಿಲು ಮುಚ್ಚಲು ಪುರಸೊತ್ತಿರಲಿಲ್ಲ. ಆಮೇಲೆ ಹಾಲ್ ಮುಚ್ಚಿ ಚಪ್ಪಲಿ ಗೋದಾಮಾಯಿತು. ಅಕ್ಕಾ ಎನ್ನುತ್ತಿದ್ದವರು ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸಿ ಹೋಗತೊಡಗಿದರು. ಮಾಮನಿಗೆ ಕೆಲಸ ಹೋದದ್ದಕ್ಕಿಂತ ಹೆಂಡತಿ ಸಂಜೆ ಹೊತ್ತು ಸುಮ್ಮನೆ ಕಿಟಕಿ ಹತ್ತಿರ ಕೂರುವುದನ್ನು ನೋಡುವುದೇ ಹೆಚ್ಚು ಸಂಕಟವಾಗಿತ್ತು.

ಆ ಮನೆಗೆ ಮತ್ತೆ ಜೀವ ಬಂದದ್ದು ಮಗಳು ತಂದು ನಿಲ್ಲಿಸಿದ ಗೋಡೆಯಗಲದ ಟಿವಿಯಿಂದ. ಜೊತೆಗೆ ಆಕೆ ಮಾಡಿಸಿಕೊಟ್ಟ ಸ್ಟ್ರೀಮಿಂಗ್ ಚಂದಾ. ಅದರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಹಡಗಿನ ಕ್ಯಾಪ್ಟನ್ ಒಬ್ಬ ಸಮುದ್ರದಲ್ಲಿ ಕಾಣೆಯಾಗಿದ್ದ. ದಡದಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು. ಕ್ಯಾಪ್ಟನ್ ಬದುಕಿದ್ದಾನೋ ಇಲ್ಲವೋ ಎಂದು ಇಡೀ ಕಟ್ಟಡ ಎರಡು ಪಕ್ಷವಾಗಿ ಒಡೆದಿತ್ತು. ಮೊದಲು ಮೂರನೇ ಮಹಡಿಯ ಟೀಚರ್ ಬಂದರು, ಹಿಂದೆಯೇ ಹಲ್ಲಿನ ಡಾಕ್ಟರು ಬಂದರು, ಆಮೇಲೆ ಯಾರ್ಯಾರೋ ಬಂದರು. ಮಾಮನ ಹೆಂಡತಿ ಮತ್ತೆ ಅಕ್ಕ ಆದರು. ಶನಿವಾರ ಸಂಜೆಯ ಕೊನೆಯ ಕಂತಿಗೆ ಅವರು ಬಾಗಿಲು ಬಾಗಿಲಿಗೆ ಹೋಗಿ ಎಲ್ಲರನ್ನೂ ಕರೆದು ಬಂದಿದ್ದರು.

ಇಷ್ಟು ಸುಖವಾಗಿದ್ದ ಹೊತ್ತಿನಲ್ಲೇ ಭಾವಮೈದ ಚಹಾ ಕುಡಿಯಲು ಬಂದದ್ದು. ಅವನು ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ವಕೀಲರು ಕೋಟನ್ನು ಸಂಜೆ ಕಳಚಿಡುತ್ತಿದ್ದರು. ಇವನು ಆ ಕೋಟಿನ ಠೀವಿಯನ್ನು ಮನೆಗೂ ಹೊತ್ತು ತರುತ್ತಿದ್ದ.

“ಓದದೆ ಒಪ್ಪಿಗೆ ಒತ್ತೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ ಭಾವ,” ಎಂದ. “ನಾಳೆ ನಿಮ್ಮ ಮನೇನೇ ಬರೆಸ್ಕೊಂಡ್ರೂ ಕೇಳೋ ಹಾಗಿಲ್ಲ. ನೀವೂ ಹಾಗೇ ತಾನೇ, ಕಣ್ಮುಚ್ಚಿ ಒತ್ತೋದು?”

ಪಕ್ಕದಲ್ಲಿ ಟೀಚರ್ ಕೂತಿದ್ದರು. ಮಾಮನಿಗೆ ಅಭಿಮಾನ ಕೆರಳಿತು. “ನಾನಾ? ನಾನು ಪೂರ್ತಿ ಓದಿಯೇ ಒತ್ತೋನು.”

“ಪೂರ್ತಿ?”

“ಪೂರ್ತಿ. ಎರಡು ಸಲ.”

ಈ ಎರಡನೇ ಸಲ ಬೇಕಿರಲಿಲ್ಲ. ಆದರೆ ಸುಳ್ಳಿಗೆ ಒಂಟಿಯಾಗಿ ನಿಲ್ಲುವ ಅಭ್ಯಾಸವಿಲ್ಲವಲ್ಲ. ಹೆಂಡತಿ ಸಕ್ಕರೆ ಕಲಕುತ್ತಿದ್ದ ಚಮಚವನ್ನು ಅಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದರು. ಟೀಚರ್ ಮಾತ್ರ ಭಕ್ತಿಯಿಂದ ಕಣ್ಣರಳಿಸಿದರು. ಅವರ ಕಿವಿಗೆ ಬಿದ್ದ ಮೇಲೆ ಕಟ್ಟಡದಲ್ಲಿ ಬೇರೆ ಡಂಗುರ ಬೇಕಿರಲಿಲ್ಲ.

ಎರಡು ದಿನ ಕಳೆದು, ಟೀಚರ್ ಎದುರಿಗೇ ಟಿವಿ ಹಾಕಿದರೆ ಪರದೆಯ ಮೇಲೆ ಕ್ಯಾಪ್ಟನ್ ಇಲ್ಲ, ಸಮುದ್ರವೂ ಇಲ್ಲ. ‘ನಮ್ಮ ಷರತ್ತುಗಳು ಬದಲಾಗಿವೆ. ಓದಿ, ಒಪ್ಪಿ, ಮುಂದುವರಿಯಿರಿ’ ಎಂಬ ಬರಹ.

“ಒತ್ರೀ, ಏನ್ ನೋಡ್ತಿದೀರಿ?” ಎಂದರು ಹೆಂಡತಿ.

“ಪೂರ್ತಿ ಓದದೆ ಅವರು ಹೇಗೆ ಒತ್ತುತ್ತಾರೆ ಅಕ್ಕಾ?” ಎಂದರು ಟೀಚರ್.

ಮಾಮ ಎದ್ದು ಹೋಗಿ ಕನ್ನಡಕ ತಂದರು.

ಆ ಷರತ್ತುಗಳ ಉದ್ದ ಇಷ್ಟೆಂದು ಹೇಳುವುದು ಕಷ್ಟ. ರಿಮೋಟಿನಿಂದ ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಬರುತ್ತಲೇ ಇತ್ತು. ‘ಸದರಿ ಬಳಕೆದಾರನು ಸದರಿ ಸೇವೆಯನ್ನು ಮೇಲ್ಕಾಣಿಸಿದ ಸದರಿ ನಿಬಂಧನೆಗಳಿಗೆ ಒಳಪಟ್ಟು’ ಎಂದು ಶುರುವಾದ ವಾಕ್ಯಕ್ಕೆ ಕ್ರಿಯಾಪದ ಸಿಗುವ ಹೊತ್ತಿಗೆ ಮಾಮನ ಚಹಾ ಆರಿಹೋಗಿತ್ತು. ಆದರೂ ಅವರು ಬಿಡಲಿಲ್ಲ. ತಲೆ ಹೋದರೂ ಟಿಕೆಟ್ ಇಲ್ಲದವನನ್ನು ಒಳಗೆ ಬಿಡದ ಮನುಷ್ಯ, ಒಂದು ಕಲಮನ್ನು ಓದದೆ ಬಿಟ್ಟಾರೆಯೇ?

“ಏ, ಕೇಳಿಲ್ಲಿ. ‘ಬಳಕೆದಾರನು ಕಂಪನಿಯನ್ನು, ಅದರ ನಿರ್ದೇಶಕರನ್ನು, ನೌಕರರನ್ನು ಸಕಲ ಹಾನಿಗಳಿಂದ ಸಂರಕ್ಷಿಸತಕ್ಕದ್ದು.’ ಅಷ್ಟು ದೊಡ್ಡ ಕಂಪನೀನ ನಾನು ಕಾಪಾಡ್ಬೇಕಂತೆ!”

“ಮೊದಲು ಅಡುಗೆಮನೆ ನಲ್ಲಿ ಸೋರೋದನ್ನ ನಿಲ್ಸಿ,” ಎಂದರು ಹೆಂಡತಿ.

ಮಾರನೆಯ ದಿನ ಮಾಮ ಗಾಬರಿಯಿಂದ ಕೂಗಿದರು. “ಕಥೆಯ ಕೊನೆ ಇದರಲ್ಲೇ ಬರೆದುಬಿಟ್ಟಿದ್ದಾರೆ! ‘ಯುದ್ಧ, ಭೂಕಂಪ, ಪ್ರವಾಹ, ದಂಗೆ ಇತ್ಯಾದಿ ಅನಿರೀಕ್ಷಿತ ಘಟನೆಗಳು ಸಂಭವಿಸಿದಲ್ಲಿ.’ ಕೊನೇ ಕಂತಿನಲ್ಲಿ ಭೂಕಂಪ ಆಗುತ್ತೆ ಕಣೇ.”

“ಅಯ್ಯೋ, ಹೇಳ್ಬೇಡಿ ಅಂದ್ರೆ!” ಹೆಂಡತಿ ಕಿವಿ ಮುಚ್ಚಿಕೊಂಡರು. ಆದರೂ ಒಂದು ಗಳಿಗೆ ಬಿಟ್ಟು ಕೇಳಿದರು, “ಕ್ಯಾಪ್ಟನ್ ಏನಾದ ಅಂತ ಬರೆದಿದೆಯಾ?”

“ಅದಕ್ಕೆ ಕಂಪನಿ ಜವಾಬ್ದಾರಿ ಅಲ್ಲವಂತೆ.”

ಇವೆಲ್ಲ ಹೇಗೋ ದಾಟಿ ಹೋದವು. ಮಾಮ ಸಿಕ್ಕಿಬಿದ್ದದ್ದು ಒಂದೇ ಕಲಮಿನಲ್ಲಿ. ‘ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಲಾಗಿದೆ. ಸೇವೆಯನ್ನು ವೀಕ್ಷಿಸುವ ಪ್ರತಿಯೊಬ್ಬರೂ ಈ ಷರತ್ತುಗಳಿಗೆ ಬದ್ಧರಾಗಿರುವಂತೆ ನೋಡಿಕೊಳ್ಳುವುದು ಬಳಕೆದಾರನ ಹೊಣೆ.’ ಬೇರೆ ಯಾರೇ ಆಗಿದ್ದರೂ ಇಲ್ಲಿ ಹೆದರಿ, ಬಂದವರನ್ನು ವಾಪಸು ಕಳಿಸುತ್ತಿದ್ದರು, ಇಲ್ಲವೇ ಓದಲೇ ಇಲ್ಲವೆಂದು ಸುಮ್ಮನಾಗುತ್ತಿದ್ದರು. ಮಾಮನ ಗೇಟ್‌ಕೀಪರ್ ತಲೆ ಬೇರೆಯೇ ದಾರಿ ಹಿಡಿಯಿತು. ಅವರ ಪ್ರಕಾರ ಗೇಟಿನಾಚೆ ನಿಂತವರು ಸಾರ್ವಜನಿಕರು. ಗೇಟಿನಲ್ಲಿ ತಪಾಸಣೆಯಾಗಿ ಒಳಗೆ ಬಂದವರು ಪ್ರೇಕ್ಷಕರು. ಅಂದಮೇಲೆ ಮಾಡಬೇಕಾದ್ದು ಸ್ಪಷ್ಟವಾಗಿತ್ತು. ಒಬ್ಬೊಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಷರತ್ತು ಓದಿ ಹೇಳಿ, ಬಾಯಿಬಿಟ್ಟು ಒಪ್ಪಿದ್ದೇನೆ ಎನ್ನಿಸಿ, ಆಮೇಲೆ ಒಳಗೆ ಬಿಡುವುದು.

ಶನಿವಾರ ಹೆಂಡತಿ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬರುವಾಗ ನಡುಮನೆ ಗುರುತೇ ಸಿಗಲಿಲ್ಲ. ಕುರ್ಚಿಗಳು ಸಾಲಾಗಿದ್ದವು, ನಡುವೆ ನಡೆಯಲು ದಾರಿ ಬಿಟ್ಟಿತ್ತು. ಹಿಂಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಹೊರಗೆ’ ಎಂದು ಬರೆದ ರಟ್ಟು. ಗೋಡೆಯ ಬುಡದಲ್ಲಿ ಮರಳು ತುಂಬಿದ ಬಕೆಟ್ಟುಗಳು.

“ಇದೆಲ್ಲ ಏನ್ರೀ?”

“ಸಕಲ ಹಾನಿಗಳಿಂದ ಅಂದಿದ್ದಾರೆ. ಬೆಂಕಿ ಒಂದು ಹಾನಿ ಹೌದೋ ಅಲ್ವೋ?”

“ನನ್ನ ಬಟ್ಟೆ ನೆನೆಸೋ ಬಕೆಟ್ಟು!” ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

ಸಂಜೆಯಾಯಿತು. ಜನ ಬಂದರು. ಬಾಗಿಲಲ್ಲಿ ಮಾಮ ಇಸ್ತ್ರಿ ಮಾಡಿದ ಹಳೆಯ ಖಾಕಿ ಅಂಗಿಯಲ್ಲಿ, ಷರತ್ತುಗಳನ್ನು ಬರೆದುಕೊಂಡ ನೋಟ್‌ಪುಸ್ತಕ ಹಿಡಿದು ನಿಂತಿದ್ದರು.

“ಕಲಮು ಒಂದು,” ಎಂದು ಗಂಟಲು ಸರಿಮಾಡಿಕೊಂಡರು.

ಹಲ್ಲಿನ ಡಾಕ್ಟರು ಸಾಲಿನಲ್ಲಿ ಮೊದಲು ಇದ್ದರು. ಐದನೇ ಕಲಮಿನ ಹೊತ್ತಿಗೆ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. “ಮಾಮ, ದವಡೆ ಹಲ್ಲು ಕೀಳೋಕೂ ನಾನು ಇಷ್ಟು ಹೊತ್ತು ತಗೊಳ್ಳಲ್ಲ.”

“ಕೀಳುವಾಗ ನೀವು ಮರಗಟ್ಟೋ ಇಂಜೆಕ್ಷನ್ ಕೊಡ್ತೀರಿ. ಇಲ್ಲಿ ಎಚ್ಚರವಾಗೇ ಕೇಳ್ಬೇಕು. ಕಲಮು ಆರು.”

“ಒಪ್ಪಿದ್ದೇನೆ!” ಎಂದು ಟೀಚರ್ ಕೆಳಗಿನ ಮೆಟ್ಟಿಲಿಂದಲೇ ಕೂಗಿದರು.

“ಅಲ್ಲಿಂದಲ್ಲ ಟೀಚರ್. ಗೇಟಿನ ಹತ್ತಿರ ಬಂದು, ನಿಮ್ಮ ಸರದಿಯಲ್ಲಿ.”

ಸಾಲು ಒಂದು ಮಹಡಿ ಇಳಿಯಿತು, ಎರಡು ಮಹಡಿ ಇಳಿಯಿತು. ಮಾಮನ ದನಿ ಮೆಟ್ಟಿಲುಗಳ ಸುತ್ತ ಮೊಳಗುತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಹೊಸದಾಗಿ ಮದುವೆಯಾದ ಜೋಡಿ ಒಬ್ಬರ ಮುಖ ಒಬ್ಬರು ನೋಡಿ, “ನಾವು ನಾಳೆ ನೋಡ್ಕೋತೀವಿ ಅಕ್ಕಾ,” ಎಂದು ಮೆಲ್ಲಗೆ ಇಳಿದು ಹೋಯಿತು. ಅವರ ಹಿಂದೆ ಇನ್ನೊಬ್ಬರು.

ಹೆಂಡತಿ ಒಳಗಿನಿಂದ ಬಂದು ಗಂಡನ ತೋಳು ಹಿಡಿದರು. “ರೀ, ಮನೆಗೆ ಬಂದೋರನ್ನ ಹೀಗೆ ಬಾಗಿಲಲ್ಲಿ ನಿಲ್ಲಿಸ್ತಾರಾ? ಎಷ್ಟು ವರ್ಷ ಆದ್ಮೇಲೆ ಬಂದಿದ್ದಾರೆ. ಎಲ್ಲ ಹೋಗ್ಬಿಡ್ತಾರೆ.”

ಮಾಮನಿಗೆ ಹೆಂಡತಿ ಅಷ್ಟು ಆಸೆಯಿಂದ ತುಂಬಿಸಿದ ಮನೆಯನ್ನು ತಾವೇ ಖಾಲಿ ಮಾಡುತ್ತಿದ್ದೇವೆ ಎಂದು ಗೊತ್ತಾಗುತ್ತಿತ್ತು. ಆದರೆ ಬಿಟ್ಟರೆ ಮನೆ ಮೇಲೆ ಕೇಸು ಬಂದೀತು ಎಂಬ ಭಯ. ಏನು ಮಾಡಲೂ ತೋಚದೆ ಅವರು ಇನ್ನೂ ಜೋರಾಗಿ ಓದಿದರು.

ಕೆಳಗೆ ಕಟ್ಟಡ ಸಂಘದ ಕಾರ್ಯದರ್ಶಿ ಬಾಗಿಲು ತೆರೆದು ನೋಡಿದರೆ ಮೆಟ್ಟಿಲ ತುಂಬ ಜನ, ಮೇಲೆ ಖಾಕಿ ಅಂಗಿ. ಇವರೊಬ್ಬರಿಗೆ ಮಾತ್ರ ಮಾಮನ ಮನೆಯಿಂದ ಕರೆ ಹೋಗಿರಲಿಲ್ಲ. ಯಾರ ಮನೆಗೂ ಅವರನ್ನು ಕರೆಯುವ ಪದ್ಧತಿ ಇರಲಿಲ್ಲ. “ಮನೇಲಿ ಟಾಕೀಸು ಶುರು ಮಾಡಿದ್ದಾರೆ! ಬೆಂಕಿ ಬಿದ್ರೆ ಯಾರು ಹೊಣೆ?” ಎಂದು ಕೂಗಾಡಿ, ನೇರವಾಗಿ ಅಗ್ನಿಶಾಮಕ ಠಾಣೆಗೆ ಫೋನು ಹಚ್ಚಿದರು. ಠಾಣೆ ಪಕ್ಕದ ರಸ್ತೆಯಲ್ಲೇ ಇತ್ತು. ಆಗ ತಾನೇ ಬಂದ ಭಾವಮೈದ, ತಮಾಷೆ ತಪ್ಪಬಾರದೆಂದು ಕಾರ್ಯದರ್ಶಿಯ ಪಕ್ಕದಲ್ಲೇ ನಿಂತ.

ಬೂಟು ಸದ್ದು ಮಾಡುತ್ತ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಅಧಿಕಾರಿ ಮೇಲೆ ಬಂದರು. ಗಂಟುಮುಖದ ಹೆಂಗಸು. “ಇಲ್ಲಿ ಸಿನಿಮಾ ಹಾಲ್ ನಡೆಸ್ತಿರೋದು ಯಾರು?”

“ನಾನು ಬಳಕೆದಾರ ಅಷ್ಟೇ ಮೇಡಂ,” ಎಂದರು ಮಾಮ.

ಅಧಿಕಾರಿ ಒಳಗೆ ಹೋದರು. ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ನೋಡಿದರು. ಹಿಂಬಾಗಿಲು ತಳ್ಳಿದರು, ಸಲೀಸಾಗಿ ತೆರೆಯಿತು. ಬಕೆಟ್ಟಿನೊಳಗೆ ಕೈಹಾಕಿ ಮರಳು ಒಣಗಿದೆಯೇ ಎಂದು ಮುಟ್ಟಿದರು.

“ಇದನ್ನ ಯಾರು ಇಟ್ಟಿದ್ದು?”

“ನಾನೇ. ಕಂಪನಿ ನಿರ್ದೇಶಕರನ್ನ ಕಾಪಾಡ್ಬೇಕು ಅಂತ.”

ಅಧಿಕಾರಿಗೆ ಅರ್ಥವಾಗಲಿಲ್ಲ. ಆದರೆ ಮುಖದ ಗಂಟು ಸಡಿಲವಾಯಿತು. “ನನ್ನ ಸರ್ವೀಸಿನಲ್ಲಿ ಒಂದು ಮನೇಲಿ ಮರಳಿನ ಬಕೆಟ್ ನೋಡ್ತಿರೋದು ಇದೇ ಮೊದಲು. ನಿಜವಾದ ಹಾಲ್‌ಗಳಲ್ಲೂ ಇಷ್ಟು ಚೆನ್ನಾಗಿ ಇಡೋದಿಲ್ಲ. ಯಾರ್ರೀ ದೂರು ಕೊಟ್ಟಿದ್ದು?”

ಕಾರ್ಯದರ್ಶಿ ಎದೆಯುಬ್ಬಿಸಿ ಮುಂದೆ ಬಂದರು.

“ಒಳ್ಳೇದಾಯ್ತು. ಕೆಳಗೆ ಮೆಟ್ಟಿಲಿಗೆ ಅಡ್ಡವಾಗಿ ಒಂದು ಕಬ್ಬಿಣದ ಬೀರು, ಒಂದು ಕೆಟ್ಟ ಫ್ರಿಜ್ಜು ಇದೆಯಲ್ಲ, ಯಾರದ್ದು?”

ಉಬ್ಬಿದ ಎದೆ ಗಾಳಿ ಬಿಟ್ಟ ಚೆಂಡಾಯಿತು. “ಅದು... ಸ್ವಲ್ಪ ದಿನದ ಮಟ್ಟಿಗೆ...”

“ಈಗಲೇ ತೆಗೆಸಿ. ನಾನು ಇಳಿದು ಹೋಗೋ ಹೊತ್ತಿಗೆ ಅಲ್ಲಿರಬಾರದು.”

ಮೆಟ್ಟಿಲ ತುಂಬ ಚಪ್ಪಾಳೆ ಬಿತ್ತು. ಎಲ್ಲರೂ ನುಗ್ಗಿ ಕುರ್ಚಿ ಹಿಡಿದರು. ಹೆಂಡತಿ ಚಹಾದ ತಟ್ಟೆ ಎತ್ತಿಕೊಂಡರು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಭಾವನ ಗೆಲುವನ್ನು ಸಹಿಸಿಕೊಂಡು ಸುಮ್ಮನಿರುವ ಭಾವಮೈದ ಇನ್ನೂ ಹುಟ್ಟಬೇಕಷ್ಟೆ.

“ಬೆಂಕಿ ವಿಷಯ ಸರಿ ಮೇಡಂ,” ಎಂದು ಅವನು ದನಿಯೆತ್ತಿದ. “ಕಾನೂನು? ಇದು ಅಪ್ಪಟ ಸಾರ್ವಜನಿಕ ಪ್ರದರ್ಶನ. ಷರತ್ತಿನಲ್ಲೇ ನಿಷೇಧ ಇದೆ. ಬಾಗಿಲಲ್ಲಿ ಓದಿಬಿಟ್ರೆ ಅಪರಾಧ ಹೋಗುತ್ತಾ? ಇವರ ಖಾತೆ ಮುಚ್ಚಿಸ್ತಾರೆ, ಕೋರ್ಟಿಗೆ ಎಳೀತಾರೆ. ಇಲ್ಲಿ ಕೂತೋರೆಲ್ಲ ಸಾಕ್ಷಿಗಳು!”

ಸಾಕ್ಷಿ ಎಂಬ ಮಾತು ಕೇಳಿದ್ದೇ ತಡ, ಕೂತವರು ಒಬ್ಬೊಬ್ಬರಾಗಿ ಏಳತೊಡಗಿದರು. ಡಾಕ್ಟರಿಗೆ ಯಾವುದೋ ತುರ್ತು ಹಲ್ಲು ನೆನಪಾಯಿತು. ಹೆಂಡತಿ ತುಂಬಿದ ಲೋಟಗಳ ತಟ್ಟೆ ಹಿಡಿದು ನಡುಮನೆಯಲ್ಲಿ ಹಾಗೇ ನಿಂತರು. ಅಧಿಕಾರಿ ಕೂಡ, “ಅದು ನನ್ನ ಇಲಾಖೆ ಅಲ್ಲ. ಆದ್ರೆ ಹಾಗೇನಾದ್ರೂ ಇದ್ರೆ ಹಾಕ್ಬೇಡಿ,” ಎಂದರು.

ಮಾಮ ಹೆಂಡತಿಯ ಮುಖ ನೋಡಿದರು. ಆಮೇಲೆ ತಮ್ಮ ಮರ್ಯಾದೆಯನ್ನು ಪಕ್ಕಕ್ಕಿಟ್ಟರು. “ಓದೋದೇನೋ ಓದಿದೆ. ಆ ಕಲಮು ನಂಗೆ ಅರ್ಥ ಆಗಿಲ್ಲ. ಕಂಪನಿಯವರನ್ನೇ ಕೇಳ್ತೀನಿ. ಎಲ್ಲ ಕೂತ್ಕೊಳ್ಳಿ,” ಎಂದು ಫೋನು ತೆಗೆದು ಸ್ಪೀಕರ್ ಹಾಕಿದರು.

“ನಮಸ್ಕಾರ. ಪಾಸ್‌ವರ್ಡ್ ಮರೆತಿದ್ದೀರಾ ಸರ್?” ಎಂದಿತು ಒಂದು ಹುಡುಗಿಯ ದನಿ.

“ಇಲ್ಲಮ್ಮ. ನಿಮ್ಮ ಷರತ್ತು ಓದ್ತಿದ್ದೆ. ಒಂದು ಕಡೆ ಅರ್ಥ ಆಗ್ಲಿಲ್ಲ.”

“ಏನ್ ಓದ್ತಿದ್ರಿ ಸರ್?”

“ಷರತ್ತು.”

“ಯಾಕೆ ಸರ್, ಏನಾದ್ರೂ ತೊಂದರೆ ಆಯ್ತಾ?” ಆಮೇಲೆ ಫೋನಿನಿಂದ ದೂರ ಸರಿದ ಪಿಸುಮಾತು: “ಸರ್, ಇಲ್ಲೊಬ್ರು ಷರತ್ತು ಓದಿದ್ದಾರಂತೆ.” “ಪತ್ರಿಕೆಯವರಾ ಕೇಳು.” “ಅಲ್ಲ ಅನ್ಸುತ್ತೆ. ಯಾರೋ ಸಾಮಾನ್ಯ ಗ್ರಾಹಕರ ಥರ ಇದೆ.” ಒಂದು ಗಂಡು ದನಿ ಬಂತು, ಬಹಳ ವಿನಯದಿಂದ ಮಾತಾಡಿತು, ಕಲಮಿನ ಸಂಖ್ಯೆ ಕೇಳಿತು. ‘ಹನ್ನೊಂದು’ ಎಂದಾಗ, ಅಷ್ಟು ಕಲಮುಗಳಿವೆಯೇ ಎಂದು ಆ ದನಿಯೇ ಆಶ್ಚರ್ಯಪಟ್ಟಿತು. ಕೊನೆಗೆ ಕರೆ ಕಾನೂನು ವಿಭಾಗಕ್ಕೆ ಹೋಯಿತು.

“ಹಲೋ,” ಎಂದಿತು ದಣಿದ ಹೆಣ್ಣು ದನಿ. “ಹೊಸ ಷರತ್ತು ಬಂದ ವಾರ ಯಾರಾದ್ರೂ ಪ್ರಶ್ನೆ ಕೇಳಬಹುದು ಅಂತ ನನ್ನನ್ನ ಇಲ್ಲಿ ಕೂರಿಸಿದ್ದಾರೆ. ನೀವೇ ಮೊದಲನೆಯವರು. ನೀವು... ಪೂರ್ತಿ ಓದಿದ್ರಾ?”

“ಪೂರ್ತಿ. ಎರಡು ಸಲ,” ಎಂದರು ಮಾಮ. ಈ ಸಲ ಅದು ನಿಜವಾಗಿತ್ತು.

“ಬರೆದೋಳು ನಾನೇ ಸರ್.” “ನಮ್ಮ ಮನೆಯವರೂ ಓದಿಲ್ಲ. ನಮ್ಮ ಡೈರೆಕ್ಟರು ಕೊನೇ ಪುಟಕ್ಕೆ ಹೋಗಿ ಸಹಿ ಹಾಕಿದ್ರು. ಒಂದು ಕೇಳ್ಲಾ? ಆ ಭೂಕಂಪದ ಭಾಗ ಹೇಗಿತ್ತು?”

“ಬಹಳ ಚೆನ್ನಾಗಿತ್ತಮ್ಮ. ಒಂದೇ ಉಸಿರಿಗೆ ಓದಿಸ್ಕೊಂಡು ಹೋಗುತ್ತೆ. ಆ ‘ಸದರಿ’ ಮಾತ್ರ ಸ್ವಲ್ಪ ಜಾಸ್ತಿಯಾಯ್ತು.”

“ಹೌದಾ? ಯಾರೂ ಹೇಳಿರ್ಲಿಲ್ಲ. ಮುಂದಿನ ಸಲ ಕಡಿಮೆ ಮಾಡ್ತೀನಿ. ಈಗ ನಿಮ್ಮ ಸಂದೇಹ ಹೇಳಿ.”

ಮಾಮ ಹೇಳಿದರು. ಭಾವಮೈದ ಎತ್ತಿದ ಆಕ್ಷೇಪವನ್ನೂ ಬಿಡಲಿಲ್ಲ.

“ಟಿಕೆಟ್ ಮಾರ್ತಿದ್ದೀರಾ?”

“ಇಲ್ಲಮ್ಮ, ಚಹಾ ಕೊಡ್ತಿದ್ದೀವಿ.”

“ದಾರೀಲಿ ಹೋಗೋರನ್ನೆಲ್ಲ ಕರೆದು ಕೂರಿಸಿದ್ದೀರಾ?”

“ಇಲ್ಲ. ನನ್ನ ಹೆಂಡತಿ ಕರೆದಿರೋ ಅಕ್ಕಪಕ್ಕದೋರು.”

“ಹಾಗಾದ್ರೆ ಅವರು ನಿಮ್ಮ ಅತಿಥಿಗಳು ಸರ್, ಸಾರ್ವಜನಿಕರಲ್ಲ. ಮನೆಗೆ ಬಂದ ಅತಿಥಿಗಳ ಜೊತೆ ಕೂತು ನೋಡೋಕೆ ನಮ್ಮ ಅಡ್ಡಿ ಇಲ್ಲ. ಅದೇ ಕಲಮಿನ ಕೊನೇ ವಾಕ್ಯದಲ್ಲಿ ಬರೆದಿದ್ದೀನಲ್ಲ?”

“ಅಲ್ಲಿ ನಂಗೆ ಎರಡು ಸಲವೂ ನಿದ್ದೆ ಬಂತಮ್ಮ.”

“ಬರೆಯುವಾಗ ನಂಗೂ ಬಂದಿತ್ತು,” ಎಂದರು ಆಕೆ.

“ಮತ್ತೆ ಬಂದೋರಿಗೆಲ್ಲ ಬಾಗಿಲಲ್ಲಿ ಓದಿ ಹೇಳ್ಬೇಕಾಗಿತ್ತಾ?”

“ಬೇಡ ಸರ್. ಅಯ್ಯೋ, ಓದಿ ಹೇಳಿದ್ರಾ? ಜನರಿಗೆ? ಜೋರಾಗಿ?”

“ಮೂರು ಮಹಡಿಗೆ ಕೇಳೋ ಹಾಗೆ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು. “ತುಂಬ ಉಪಕಾರ ಆಯ್ತು ಸರ್. ಅಲ್ಲಿ ಕಾನೂನು ಬಲ್ಲವರೊಬ್ಬರು ಆಕ್ಷೇಪ ಎತ್ತಿದ್ರು ಅಂದ್ರಲ್ಲ. ಅವರೂ ಓದಿದ್ದಾರಾ? ಅವರ ಅಭಿಪ್ರಾಯ ಕೇಳ್ಬೇಕಿತ್ತು.”

ಎಲ್ಲರ ತಲೆಯೂ ಭಾವಮೈದನ ಕಡೆ ತಿರುಗಿತು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. “ನಾನು... ಮುಖ್ಯವಾದ ಭಾಗಗಳನ್ನ...”

“ಒಂಬತ್ತನೇ ಕಲಮಿನಲ್ಲಿ ಏನಿದೆ ಹೇಳಪ್ಪ,” ಎಂದರು ಟೀಚರ್, ತರಗತಿಯ ದನಿಯಲ್ಲಿ.

ಅವನು ಚಾವಣಿ ನೋಡಿದ.

“ಯುದ್ಧ!” ಎಂದರು ಡಾಕ್ಟರು. “ಭೂಕಂಪ!” ಎಂದರು ಹಿಂದಿನ ಸಾಲಿನವರು. “ಪ್ರವಾಹ, ದಂಗೆ ಇತ್ಯಾದಿ!” ಎಂದು ಇಡೀ ಮನೆ ಕೂಗಿತು. ಮೆಟ್ಟಿಲಲ್ಲಿ ನಿಂತು ನಿಂತು ಎಲ್ಲರಿಗೂ ಬಾಯಿಪಾಠವಾಗಿಹೋಗಿತ್ತು. ಇಳಿದು ಹೋಗಿದ್ದ ಹೊಸ ಜೋಡಿ ಕೂಡ ಈ ಗಲಾಟೆ ಕೇಳಿ ಓಡಿ ಬಂದು ಬಾಗಿಲಲ್ಲಿ ನಿಂತಿತು. ಹಾಗೆ ತನ್ನ ಷರತ್ತುಗಳನ್ನು ಒಂದಿಡೀ ಕಟ್ಟಡ ಒಕ್ಕೊರಲಿನಿಂದ ಹೇಳುವುದನ್ನು ಕೇಳಿದ ಮೊದಲ ಕಾನೂನು ಬರಹಗಾರ್ತಿ ಆಕೆಯೇ ಇರಬೇಕು. ಮತ್ತೊಮ್ಮೆ ಮೂಗು ಒರೆಸಿಕೊಂಡು ಆಕೆ ಫೋನಿಟ್ಟರು.

“ನೀವು ಖಾಲಿ ನಿಂತಿದ್ದೀರಲ್ಲ,” ಎಂದರು ಅಧಿಕಾರಿ ಭಾವಮೈದನಿಗೆ, ತಾವೇ ಒಂದು ಕುರ್ಚಿ ಎಳೆದುಕೊಳ್ಳುತ್ತ. “ಆ ಬೀರು ಒಬ್ಬರ ಕೈಲಿ ಆಗೋದಿಲ್ಲ. ಕಾರ್ಯದರ್ಶಿಗೆ ಒಂದು ಕೈ ಕೊಡಿ.”

ಮಾಮ ಟಿವಿಯ ಮುಂದೆ ನಿಂತು, ಇಡೀ ಮನೆಯ ಎದುರು, ‘ಓದಿದ್ದೇನೆ, ಒಪ್ಪಿದ್ದೇನೆ’ ಎಂದಿದ್ದಲ್ಲಿ ಒತ್ತಿದರು. ಲೋಕದಲ್ಲಿ ಆ ಮಾತನ್ನು ಸತ್ಯವಾಗಿ ಹೇಳಿದ ಮನುಷ್ಯನ ಮುಖ ಹೇಗಿರುತ್ತದೆ ಎಂದು ಅವತ್ತು ಎಲ್ಲರೂ ನೋಡಿದರು. ದೀಪ ಆರಿಸಿದರು. ಸಮುದ್ರ ಬಂತು.

ಕಂತು ಮುಗಿಯಲು ಬಂದಾಗ ಮಾಮ ಹಳೆಯ ಅಭ್ಯಾಸದಂತೆ ಬಾಗಿಲ ಕಡೆ ಹೊರಟರು. ಹೆಂಡತಿ ಅಂಗಿ ಹಿಡಿದು ಎಳೆದರು. “ಎಲ್ಲಿಗೆ?”

“ಕೊನೇ ದೃಶ್ಯಕ್ಕೆ ಮುಂಚೆ ಬಾಗಿಲು ತೆಗೆದು ಹಿಡೀಬೇಕಲ್ಲ. ಜನ ಒಮ್ಮೆಲೇ ಏಳ್ತಾರೆ.”

ಹೆಂಡತಿ ಕತ್ತಲಲ್ಲೇ ಗಂಡನನ್ನು ನೋಡಿದರು. ಇಷ್ಟು ವರ್ಷ ಸಿನಿಮಾ ಹಾಲಿನಲ್ಲಿ ದುಡಿದ ಮನುಷ್ಯ ಒಂದು ಕಥೆಯ ಕೊನೆಯನ್ನೂ ಕೂತು ನೋಡಿಲ್ಲ ಎಂಬುದು ಅವರಿಗೆ ಹೊಳೆದದ್ದು ಆಗಲೇ. “ಇಲ್ಲಿ ಯಾರೂ ಏಳೋದಿಲ್ಲ. ಕೂತ್ಕೊಳ್ಳಿ,” ಎಂದರು. ಮಾಮ ಕೂತರು.

ಭೂಕಂಪ ಆಗಲಿಲ್ಲ. ಒಂದು ಸಣ್ಣ ದೋಣಿ ದಡಕ್ಕೆ ಬಂತು. ಅದರಿಂದ ಗಡ್ಡ ಬಿಟ್ಟ ಕ್ಯಾಪ್ಟನ್ ಇಳಿದ. ಅವನ ಹೆಂಡತಿ ಮರಳಿನ ಮೇಲೆ ಓಡಿದಳು. ಮಾಮ ಮಕ್ಕಳ ಹಾಗೆ ಅತ್ತರು. ಎಷ್ಟು ಅತ್ತರೆಂದರೆ ಅಗ್ನಿಶಾಮಕ ಅಧಿಕಾರಿ ಕರವಸ್ತ್ರ ಕೊಡಬೇಕಾಯಿತು, ಆಮೇಲೆ ಅದನ್ನು ವಾಪಸು ಕೇಳಿ ತಾವೂ ಕಣ್ಣೊರೆಸಿಕೊಂಡರು.

ದೀಪ ಹಾಕಿದರು. ಯಾರೂ ಏಳಲಿಲ್ಲ.

“ಅಕ್ಕಾ,” ಎಂದರು ಟೀಚರ್ ಮೂಗು ಸೇದುತ್ತ, “ಮುಂದಿನ ಶನಿವಾರ ಏನಿದೆ?”

“ಬನ್ನಿ, ಒಳ್ಳೇದೇ ಇರುತ್ತೆ,” ಎಂದು ಸಿನಿಮಾ ಹಾಲಿನ ಒಡತಿಯ ಹಾಗೆ ಹೇಳಿ, ಮಾಮನ ಹೆಂಡತಿ ಇನ್ನೊಂದು ಸುತ್ತು ಚಹಾ ಮಾಡಲು ಒಳಗೆ ಹೋದರು. ಯಾರೊಬ್ಬರೂ ಬೇಡ ಎನ್ನಲಿಲ್ಲ.